ಕಾರಿಹೆಗ್ಗಡೆಯ ಮಗಳು ಮತ್ತು ನಮ್ಮ ಜಗಲಿ

ಬಸರೀಕಟ್ಟೆಯ ಮಕ್ಕಳಾದ ನಮಗೆ ಸಮುದ್ರವೆಂದರೆ ಘಟ್ಟದ ಕೆಳಗಿನ ಸುದ್ದಿ. ಗೊತ್ತಿದ್ದ ನೀರು ಮಳೆಯದು, ಹಳ್ಳದ್ದು, ಹೆಚ್ಚೆಂದರೆ ಶೃಂಗೇರಿಯ ತುಂಗೆಯದು. ಆದರೂ ಬಿ.ಎಂ.ಶ್ರೀಯವರ ‘ಕಾರಿಹೆಗ್ಗಡೆಯ ಮಗಳು’ ಬಾಯಿಪಾಠ ಮಾಡುವಾಗ ದೋಣಿ ಮುಳುಗುವಲ್ಲಿಗೆ ಬಂದರೆ ನನ್ನ ಗಂಟಲು ಕಟ್ಟುತ್ತಿತ್ತು.

ಮೂಲದಲ್ಲಿ ಅದು ಸ್ಕಾಟ್ಲೆಂಡಿನ ಕತೆ. ಥಾಮಸ್ ಕ್ಯಾಂಬೆಲ್ 1809ರಲ್ಲಿ ಪ್ರಕಟಿಸಿದ್ದು. ನಲ್ಲನೊಡನೆ ಮನೆ ಬಿಟ್ಟುಬಂದ ಹುಡುಗಿ, ಬಿರುಗಾಳಿ, ಅಂಬಿಗ, ದಡದಲ್ಲಿ ನಿಂತು ಗೋಳಿಡುವ ಅಪ್ಪ. ಇಂಗ್ಲಿಷಿನಲ್ಲಿ ಸಾಲು ಬಿಟ್ಟು ಸಾಲಿಗೆ ಅಂತ್ಯಪ್ರಾಸ. ‘ಇಂಗ್ಲಿಷ್ ಗೀತಗಳು’ (1926) ಸಂಕಲನದ ಈ ಪದ್ಯದಲ್ಲಿ ಶ್ರೀಯವರು ಅದನ್ನು ಹಾಗೇ ತರಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಬಿಟ್ಟಿದ್ದ ಆದಿಪ್ರಾಸವನ್ನು ಇವರು ಇಲ್ಲಿ ಉಳಿಸಿಕೊಂಡರು. ಮೊದಲ ಪದ್ಯದ ನಾಲ್ಕು ಸಾಲಿಗೂ ಎರಡನೆಯ ಅಕ್ಷರ ಡಕಾರವೇ. ಮುಂದೆ ಪ್ರಾಸ ಜೋಡಿಜೋಡಿಯಾಗಿ ಬದಲಾಗುತ್ತದೆ.

ಅಮ್ಮನಿಗೆ ಛಂದಸ್ಸು ತಿಳಿಯದು, ಕುಮಾರವ್ಯಾಸ ತಿಳಿದಿತ್ತು. ಒಲೆಯ ಮುಂದೆ ಕೂತು ನಾನು ಒಪ್ಪಿಸುವುದನ್ನು ಕೇಳಿ, “ಇದು ಭಾರತದ ನಡಿಗೆಯೇ ಅಲ್ವೇನೆ?” ಎಂದಳು. ಎಷ್ಟೋ ವರ್ಷಗಳ ಮೇಲೆ ಬೆರಳು ಮಡಿಸಿ ಎಣಿಸಿದೆ. ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ, ಭಾಮಿನಿಯದೇ ಹೆಜ್ಜೆ. ಆದರೆ ಭಾಮಿನಿಯಲ್ಲಿ ಮೂರನೆಯ, ಆರನೆಯ ಸಾಲುಗಳು ಉದ್ದವಾಗಿ ಹರಿದು ಗುರುವಿನ ಮೇಲೆ ನಿಲ್ಲುತ್ತವೆ. ಇಲ್ಲಿ ಮೊದಲ ಮೂರು ಸಾಲು ಹದಿನಾಲ್ಕು ಮಾತ್ರೆ ನಡೆದರೆ ನಾಲ್ಕನೆಯದು ಹನ್ನೆರಡಕ್ಕೇ ನಿಲ್ಲುತ್ತದೆ. ಎಲ್ಲ ಪದ್ಯಗಳೂ ಇಷ್ಟು ಕಟ್ಟುನಿಟ್ಟಲ್ಲ, ನಿಜ. ಆದರೂ ಉಸಿರು ಹಿಡಿದಂತಾಗುವುದು ಆ ಗಿಡ್ಡ ಸಾಲಿನಲ್ಲೇ. ಮುಳುಗುವ ಹುಡುಗಿ ಒಂದು ಕೈ ನೆರವಿಗೆ ಚಾಚಿ, ಇನ್ನೊಂದರಲ್ಲಿ ನಲ್ಲನನ್ನು ತಬ್ಬಿರುತ್ತಾಳೆ.

ಒಂದು ಮಳೆಗಾಲದ ಸಂಜೆ ಜಗಲಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳುತ್ತಿದ್ದೆ. ಅಜ್ಜ ಮೂಲೆಯಲ್ಲಿ ಕವಳ ಹಾಕುತ್ತಾ ಕೂತಿದ್ದರು. ನಮ್ಮ ಸಣ್ಣತ್ತೆ ಬೇರೆ ಜಾತಿಯವರನ್ನು ಮದುವೆಯಾಗಿ ಹೋದ ಮೇಲೆ ಅಜ್ಜ ಅವಳ ಹೆಸರೆತ್ತಿದವರಲ್ಲ. ಅವಳು ಬಾಣಂತನದಲ್ಲಿ ತೀರಿಕೊಂಡ ಕಾಗದ ಬಂದಾಗಲೂ ಹೊರಡಲಿಲ್ಲ. ಇದೆಲ್ಲ ನನಗೆ ಆಗ ಅರ್ಧಂಬರ್ಧ ಗೊತ್ತಿತ್ತು. ಅಪ್ಪ ದಡದಿಂದ ‘ಮನ್ನಿಸಿದೆ, ಬಾ’ ಎಂದು ಮೊರೆಯಿಡುವಲ್ಲಿಗೆ ಬಂದಾಗ ಅಮ್ಮ ಒಳಗಿನಿಂದ ಓಡಿಬಂದು, “ಸಾಕು ಮಾಡೇ” ಎಂದಳು.

“ಹೇಳಲಿ ಬಿಡು,” ಎಂದರು ಅಜ್ಜ. ಮುಗಿದ ಮೇಲೆ, “ಕೊನೆಯದು ಇನ್ನೊಂದ್ಸಲ ಹೇಳು ಮಗಾ,” ಎಂದರು. ಹೇಳಿದೆ. ಅವರು ಎದ್ದು, ಸುರಿಯುವ ಮಳೆಯಲ್ಲಿ ಕೊಡೆಯನ್ನೂ ತೆಗೆದುಕೊಳ್ಳದೆ ತೋಟಕ್ಕೆ ಇಳಿದರು.