ಯುದ್ಧಭೀತಿಯ ನಾಡಿನಲ್ಲಿ ಅನಿವಾಸಿಗಳು: ಹೊರಡುವುದೋ, ಉಳಿಯುವುದೋ?

ಪರದೇಶದಲ್ಲಿ ದುಡಿಯುವ ಅಥವಾ ಓದುವ ಭಾರತೀಯರಿಗೆ, ಆ ದೇಶದ ಮೇಲೆ ಯುದ್ಧದ ಕಾರ್ಮೋಡ ಕವಿದಾಗ ಎದುರಾಗುವ ಪ್ರಶ್ನೆ ಒಂದೇ. ಈಗಲೇ ಊರಿಗೆ ಹೊರಡಬೇಕೇ, ಇನ್ನಷ್ಟು ದಿನ ಕಾದು ನೋಡಬೇಕೇ? ಬೇಗ ಹೊರಟರೆ ಕೆಲಸ, ಬಾಕಿ ಸಂಬಳ, ಓದಿನ ವರ್ಷ ಎಲ್ಲವೂ ಕೈತಪ್ಪುವ ಭಯ. ತಡವಾದರೆ ಜೀವಕ್ಕೇ ಸಂಚಕಾರ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಕೊಲ್ಲಿ ರಾಷ್ಟ್ರಗಳ ಸಂಬಳದಿಂದಲೇ ಒಲೆ ಉರಿಯುವ ಮನೆಗಳು ಸಾಕಷ್ಟಿದ್ದು, ಅವುಗಳಿಗೆ ಈ ಪ್ರಶ್ನೆ ಹೊಸದಲ್ಲ.

ಕಳೆದ ಮೂರೂವರೆ ದಶಕಗಳಲ್ಲಿ ಭಾರತ ಸರಕಾರವು ಯುದ್ಧಪೀಡಿತ ದೇಶಗಳಿಂದ ತನ್ನ ಪ್ರಜೆಗಳನ್ನು ಹಲವು ಬಾರಿ ತೆರವುಗೊಳಿಸಿದೆ. ಆ ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಯುದ್ಧ ಆಗುತ್ತದೆಯೇ ಇಲ್ಲವೇ ಎಂಬುದನ್ನು ಬಲ್ಲವರು ಯಾರೂ ಇಲ್ಲ. ಆದರೆ ಯುದ್ಧವಾದರೆ ಹೊರಬರುವ ದಾರಿ ಎಷ್ಟು ಬೇಗ ಮುಚ್ಚುತ್ತದೆ ಎಂಬುದನ್ನು ಬಹುಮಟ್ಟಿಗೆ ಮೊದಲೇ ಅಂದಾಜು ಮಾಡಬಹುದು. ನಿರ್ಧಾರಕ್ಕೆ ಆಧಾರವಾಗಬೇಕಾದುದು ಈ ಎರಡನೆಯ ಲೆಕ್ಕ.

ಕುವೈತ್, 1990: ಮುನ್ಸೂಚನೆ ಇಲ್ಲದ ಆಕ್ರಮಣ

1990ರ ಆಗಸ್ಟ್ 2ರಂದು ಸದ್ದಾಂ ಹುಸೇನ್ ನೇತೃತ್ವದ ಇರಾಕ್ ಕುವೈತನ್ನು ಆಕ್ರಮಿಸಿದಾಗ ಅಲ್ಲಿ ಸುಮಾರು 1 ಲಕ್ಷ 70 ಸಾವಿರ ಭಾರತೀಯರಿದ್ದರು. ಹೊರಡುವುದೋ ಉಳಿಯುವುದೋ ಎಂದು ಯೋಚಿಸಲು ಅವರಿಗೆ ಸಮಯವೇ ದೊರೆಯಲಿಲ್ಲ. ಬೆಳಗಾಗುವಷ್ಟರಲ್ಲಿ ಇರಾಕಿ ಟ್ಯಾಂಕುಗಳು ನಗರದೊಳಗೆ ಬಂದಿದ್ದವು. ಮುಂದೆ ಇರಾಕ್ ಕುವೈತ್ ದಿನಾರನ್ನು ರದ್ದುಪಡಿಸಿ ತನ್ನ ದಿನಾರನ್ನು ಚಲಾವಣೆಗೆ ತಂದುದರಿಂದ ವರ್ಷಗಟ್ಟಲೆ ಕೂಡಿಟ್ಟ ಹಣಕ್ಕೂ ಬೆಲೆ ಇಲ್ಲದಂತಾಯಿತು.

ಅಂದಿನ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ತೆರಳಿ ಸದ್ದಾಂ ಅವರನ್ನು ಕಂಡು ಮಾತುಕತೆ ನಡೆಸಿದರು. ಬಳಿಕ ಭಾರತೀಯರು ಬಸ್ಸುಗಳಲ್ಲಿ ಇರಾಕನ್ನು ದಾಟಿ, ಮರುಭೂಮಿಯ ಹಾದಿಯಲ್ಲಿ ಜೋರ್ಡಾನ್ ಗಡಿಯನ್ನು ಸೇರಿದರು. ಅಲ್ಲಿನ ರಾಜಧಾನಿ ಅಮ್ಮಾನ್‌ನಿಂದ ಏರ್ ಇಂಡಿಯಾ 59 ದಿನಗಳ ಅವಧಿಯಲ್ಲಿ 488 ಹಾರಾಟಗಳನ್ನು ನಡೆಸಿ 1 ಲಕ್ಷ 11 ಸಾವಿರಕ್ಕೂ ಹೆಚ್ಚು ಮಂದಿಯನ್ನು ಮುಂಬಯಿಗೆ ಕರೆತಂದಿತು. ನಾಗರಿಕ ವಿಮಾನಯಾನ ಸಂಸ್ಥೆಯೊಂದು ನಡೆಸಿದ ಅತಿ ದೊಡ್ಡ ತೆರವು ಕಾರ್ಯಾಚರಣೆ ಎಂದು ಇದು ಗಿನ್ನೆಸ್ ದಾಖಲೆಗೆ ಸೇರಿದೆ. ಕರಾವಳಿ ಕರ್ನಾಟಕದ ಅನೇಕರು ಒಂದು ಚೀಲದೊಂದಿಗೆ ಊರು ಸೇರಿದ್ದು ಈ ವಿಮಾನಗಳಲ್ಲಿಯೇ.

ಕುವೈತ್, 2003: ಉಳಿದವರ ಲೆಕ್ಕ

ಅದೇ ಕುವೈತ್‌ನಲ್ಲಿ 13 ವರ್ಷಗಳ ನಂತರ ಪರಿಸ್ಥಿತಿ ಬೇರೆಯಾಗಿತ್ತು. ಅಮೆರಿಕ ಇರಾಕಿನ ಮೇಲೆ ದಾಳಿ ಮಾಡುವುದು ಬಹುತೇಕ ಖಚಿತವೆಂದು 2003ರ ಆರಂಭದ ವಾರಗಳಲ್ಲಿಯೇ ಎಲ್ಲರಿಗೂ ತಿಳಿದಿತ್ತು. ಇರಾಕ್ ರಾಸಾಯನಿಕ ಅಸ್ತ್ರ ಪ್ರಯೋಗಿಸೀತು ಎಂಬ ಭಯದಿಂದ ಜನ ಕಿಟಕಿಗಳ ಸಂದಿಗೆ ಪ್ಲಾಸ್ಟಿಕ್ ಹಾಳೆ, ಟೇಪು ಅಂಟಿಸಿಕೊಂಡರು. ಹಲವರು ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ ತಾವು ಕೆಲಸದಲ್ಲಿ ಮುಂದುವರಿದರು.

ಮಾರ್ಚ್ 20ರಂದು ಯುದ್ಧ ಆರಂಭವಾಯಿತು. ಇರಾಕ್ ಕುವೈತ್‌ನತ್ತ ಕ್ಷಿಪಣಿಗಳನ್ನು ಹಾರಿಸಿತು. ಮಾರ್ಚ್ 29ರಂದು ಒಂದು ಕ್ಷಿಪಣಿ ಕಡಲ ತೀರದ ಸೂಕ್ ಶರ್ಕ್ ಮಳಿಗೆ ಸಂಕೀರ್ಣದ ಬಳಿ ಬಿದ್ದಿತು. ಆದರೂ ಕುವೈತ್ ನಗರ ರಣರಂಗವಾಗಲಿಲ್ಲ. ಉಳಿದುಕೊಂಡವರ ಉದ್ಯೋಗವೂ ಉಳಿಯಿತು.

ಇಲ್ಲಿ ಉಳಿದವರು ಕೇವಲ ಅದೃಷ್ಟವನ್ನು ನಂಬಿದವರಲ್ಲ ಎಂಬುದು ಗಮನಾರ್ಹ. 1990ರಲ್ಲಿ ಕುವೈತ್ ಆಕ್ರಮಣಕ್ಕೆ ಗುರಿಯಾದ ದೇಶವಾಗಿತ್ತು. 2003ರಲ್ಲಿ ಅದು ಅಮೆರಿಕದ ಸೇನೆಗೆ ನೆಲೆ ನೀಡಿದ ದೇಶ. ಅಲ್ಲಿ ಕ್ಷಿಪಣಿಯ ಅಪಾಯವಿತ್ತು, ಶತ್ರುಸೇನೆ ನಗರವನ್ನು ವಶಪಡಿಸಿಕೊಳ್ಳುವ ಅಪಾಯ ತೀರಾ ಕಡಿಮೆಯಿತ್ತು. ತಾವಿರುವ ದೇಶ ಯುದ್ಧದಲ್ಲಿ ಯಾವ ಸ್ಥಾನದಲ್ಲಿದೆ ಎಂಬುದನ್ನು ಅರಿಯುವುದು ನಿರ್ಧಾರದ ಮೊದಲ ಹೆಜ್ಜೆ. ಕುಟುಂಬವನ್ನು ಮೊದಲು ಕಳುಹಿಸಿ, ದುಡಿಯುವವರು ಉಳಿಯುವ ನಡುದಾರಿಯೂ ಇದೆ ಎಂಬುದನ್ನು ಆ ವರ್ಷದ ಅನುಭವ ತೋರಿಸಿತು.

ಉಕ್ರೇನ್, 2022: ಒಂಬತ್ತು ದಿನಗಳ ಅವಕಾಶ

ಮುನ್ನೆಚ್ಚರಿಕೆ ದೊರೆತರೂ ಹೊರಡಲಾಗದ ಸಂಕಟಕ್ಕೆ ಉಕ್ರೇನ್ ಸ್ಪಷ್ಟ ನಿದರ್ಶನ. ಕೀವ್ ನಗರದ ಭಾರತೀಯ ರಾಯಭಾರ ಕಚೇರಿ 2022ರ ಫೆಬ್ರವರಿ 15ರಂದು, ಅಲ್ಲಿರುವುದು ಅನಿವಾರ್ಯವಲ್ಲದವರು, ವಿಶೇಷವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ದೇಶ ಬಿಡುವ ಕುರಿತು ಯೋಚಿಸಬಹುದು ಎಂದು ತಿಳಿಸಿತು. ಫೆಬ್ರವರಿ 20ರಂದು ಸೂಚನೆಯ ಧಾಟಿ ಗಡುಸಾಯಿತು. ಫೆಬ್ರವರಿ 22ರಂದು, ಆನ್‌ಲೈನ್ ತರಗತಿಗಳ ಬಗ್ಗೆ ವಿಶ್ವವಿದ್ಯಾಲಯಗಳ ಖಚಿತ ಮಾಹಿತಿಗಾಗಿ ಕಾಯದೆ ಹೊರಡಿ ಎಂದು ಕಚೇರಿ ಹೇಳಿತು. ಫೆಬ್ರವರಿ 24ರ ಮುಂಜಾನೆ ರಷ್ಯಾದ ದಾಳಿ ಆರಂಭವಾಗಿ ಉಕ್ರೇನಿನ ವಾಯುಮಾರ್ಗ ಮುಚ್ಚಿತು. ವಿದ್ಯಾರ್ಥಿಗಳನ್ನು ಕರೆತರಲು ಹೊರಟಿದ್ದ ಏರ್ ಇಂಡಿಯಾ ವಿಮಾನ ನಡುದಾರಿಯಿಂದಲೇ ದೆಹಲಿಗೆ ಹಿಂದಿರುಗಬೇಕಾಯಿತು.

ವಿದ್ಯಾರ್ಥಿಗಳು ಹಿಂಜರಿದುದಕ್ಕೆ ಕಾರಣ ಬೇಜವಾಬ್ದಾರಿ ಎನ್ನುವಂತಿಲ್ಲ. ವೈದ್ಯಕೀಯ ಶಿಕ್ಷಣದಲ್ಲಿ ಹಾಜರಾತಿ ಕಡ್ಡಾಯ. ಕೇವಲ ಆನ್‌ಲೈನ್ ಪಾಠದ ಪದವಿಗೆ ಭಾರತದಲ್ಲಿ ಮನ್ನಣೆ ಇಲ್ಲ. ಹೆತ್ತವರು ಸಾಲ ಮಾಡಿ ಶುಲ್ಕ ಕಟ್ಟಿದ್ದರು. ಯುದ್ಧ ಆಗದೇ ಹೋದರೆ ಒಂದು ವರ್ಷ ವ್ಯರ್ಥವಾಗುತ್ತದೆ ಎಂಬ ಆತಂಕಕ್ಕೆ ಬುಡವಿತ್ತು.

ದಾಳಿಯ ಬಳಿಕ ‘ಆಪರೇಷನ್ ಗಂಗಾ’ ಹೆಸರಿನಲ್ಲಿ ಪೋಲೆಂಡ್, ರೊಮೇನಿಯಾ, ಹಂಗೆರಿ, ಸ್ಲೊವಾಕಿಯಾಗಳಿಂದ ವಿಶೇಷ ವಿಮಾನಗಳು ಹಾರಿದವು. ಯುದ್ಧಕ್ಕೆ ಮುನ್ನ ಹೊರಟವರೂ ಸೇರಿ ಸುಮಾರು 22,500 ಭಾರತೀಯರು ತಾಯ್ನಾಡಿಗೆ ಮರಳಿದರು. ಪಶ್ಚಿಮದ ನಗರಗಳಲ್ಲಿದ್ದವರಿಗೆ ಗಡಿ ಹತ್ತಿರವಿತ್ತು. ರಷ್ಯಾದ ಗಡಿಗೆ ಸಮೀಪದ ಖಾರ್ಕಿವ್ ಮತ್ತು ಸುಮಿ ನಗರಗಳಲ್ಲಿದ್ದವರು ಮಾತ್ರ ನೆಲಮಾಳಿಗೆಗಳಲ್ಲಿ ಸಿಲುಕಿದರು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಆಹಾರ ತರಲು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದುದು ನಾಡನ್ನೇ ಕಲಕಿತು. ಒಂದೇ ದೇಶದಲ್ಲಿದ್ದರೂ ಅಪಾಯ ಎಲ್ಲರಿಗೂ ಒಂದೇ ಅಲ್ಲ. ಸುರಕ್ಷಿತ ಗಡಿ ಎಷ್ಟು ದೂರದಲ್ಲಿದೆ ಎಂಬುದೇ ಅದನ್ನು ನಿರ್ಧರಿಸುತ್ತದೆ.

ಸೂಚನೆಗಳನ್ನು ಓದುವ ಬಗೆ

ರಾಯಭಾರ ಕಚೇರಿಗಳ ಸೂಚನೆಗಳು ಮೆಟ್ಟಿಲುಗಳಂತೆ ಏರುತ್ತವೆ. ಮೊದಲು, ಹೆಸರು ನೋಂದಾಯಿಸಿಕೊಂಡು ಎಚ್ಚರದಿಂದಿರಿ ಎಂಬ ಸಲಹೆ. ಬಳಿಕ, ಅನಗತ್ಯ ಪ್ರಯಾಣ ಬೇಡ. ನಂತರ, ಉಳಿಯುವ ಅಗತ್ಯವಿಲ್ಲದವರು ತಾತ್ಕಾಲಿಕವಾಗಿ ಹೊರಡಬಹುದು. ಅದಾದ ಮೇಲೆ, ಲಭ್ಯವಿರುವ ಸಾರಿಗೆಯಲ್ಲಿ ಕೂಡಲೇ ಹೊರಡಿ. ಕೊನೆಯದು, ಇದ್ದಲ್ಲಿಯೇ ಇರಿ. ಈ ಕೊನೆಯ ಸೂಚನೆ ಬಂದಿತೆಂದರೆ ದಾರಿ ಮುಚ್ಚಿದೆ ಎಂದೇ ಅರ್ಥ. 2022ರ ಫೆಬ್ರವರಿ 24ರಂದು ಉಕ್ರೇನಿನ ಭಾರತೀಯರಿಗೆ ದೊರೆತ ಸೂಚನೆ ಅದೇ ಆಗಿತ್ತು.

ಆತಿಥೇಯ ಸರಕಾರದೊಂದಿಗಿನ ಸಂಬಂಧ ಕೆಡದಂತೆ ನೋಡಿಕೊಳ್ಳಬೇಕಾದ ರಾಯಭಾರಿಗಳು ಕಟುವಾದ ಪದಗಳನ್ನು ಸುಲಭವಾಗಿ ಬಳಸಲಾರರು. ಆದ್ದರಿಂದ ‘ಹೊರಡಬಹುದು’ ಎಂಬ ಮೃದುವಾದ ಮಾತನ್ನೇ ಗಂಭೀರವಾಗಿ ಪರಿಗಣಿಸುವುದು ಒಳಿತು. ಆಗ ವಿಮಾನಗಳು ಇನ್ನೂ ಹಾರುತ್ತಿರುತ್ತವೆ.

ಹೊರಡಬೇಕೆಂದರೂ ತಡೆಯುವ ಕಟ್ಟುಗಳು

2015ರ ಮಾರ್ಚ್ 26ರಂದು ಸೌದಿ ಅರೇಬಿಯಾ ನೇತೃತ್ವದ ವಾಯುದಾಳಿ ಆರಂಭವಾಗುವ ಮೊದಲೇ ಯೆಮನ್ ಬಿಡುವಂತೆ ಭಾರತೀಯರಿಗೆ ಸೂಚನೆ ನೀಡಲಾಗಿತ್ತು. ಆದರೂ ಸಾವಿರಾರು ಮಂದಿ ಅಲ್ಲಿಯೇ ಉಳಿದಿದ್ದರು. ಅವರಲ್ಲಿದ್ದ ದಾದಿಯರಲ್ಲಿ ಹಲವರಿಗೆ ತಿಂಗಳುಗಳ ಸಂಬಳ ಬಾಕಿಯಿತ್ತು. ಕೆಲವರ ಪಾಸ್‌ಪೋರ್ಟ್ ಆಸ್ಪತ್ರೆಗಳ ವಶದಲ್ಲಿತ್ತು. ‘ಆಪರೇಷನ್ ರಾಹತ್’ ಮೂಲಕ 4,640 ಭಾರತೀಯರನ್ನೂ 41 ದೇಶಗಳ 960 ಪ್ರಜೆಗಳನ್ನೂ ವಿಮಾನ ಮತ್ತು ನೌಕೆಗಳಲ್ಲಿ ಹೊರತರಲಾಯಿತು.

ಪಾಸ್‌ಪೋರ್ಟ್ ಎಂಬುದು ಮಾಲೀಕನ ಸೊತ್ತಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಭಾರತ ಸರಕಾರದ ಸ್ವತ್ತು. ಅದು ಕೈಯಲ್ಲಿಲ್ಲದವರು ಬಿಕ್ಕಟ್ಟಿನ ಕಾಲದಲ್ಲಿ ರಾಯಭಾರ ಕಚೇರಿಯಿಂದ ತುರ್ತು ಪ್ರಯಾಣ ಪತ್ರ ಪಡೆಯಬಹುದು.

ನಿರ್ಗಮನ ಪರವಾನಗಿ ಇನ್ನೊಂದು ಕಟ್ಟು. ಕತಾರ್ 2018ರಲ್ಲಿ ಬಹುಪಾಲು ಕಾರ್ಮಿಕರಿಗೆ, 2020ರಲ್ಲಿ ಮನೆಗೆಲಸದವರಿಗೆ ಇದನ್ನು ರದ್ದುಪಡಿಸಿತು. ಸೌದಿ ಅರೇಬಿಯಾ 2021ರ ಮಾರ್ಚ್‌ನಲ್ಲಿ ಖಾಸಗಿ ಕ್ಷೇತ್ರದ ನೌಕರರಿಗೆ ನಿಯಮ ಸಡಿಲಿಸಿತಾದರೂ ಮನೆಗೆಲಸದವರು, ಚಾಲಕರು ಅದರ ವ್ಯಾಪ್ತಿಗೆ ಬರಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಕುವೈತ್ 2025ರ ಜುಲೈ 1ರಿಂದ ಖಾಸಗಿ ಕ್ಷೇತ್ರದ ವಿದೇಶಿ ನೌಕರರು ದೇಶ ಬಿಡಲು ಮಾಲೀಕರ ಅನುಮತಿಯುಳ್ಳ ಪರವಾನಗಿ ಪಡೆಯಬೇಕೆಂದು ವಿಧಿಸಿತು. ಯುದ್ಧಭೀತಿ ಆವರಿಸಿದ ವಾರದಲ್ಲಿ ಈ ಸಹಿಗಾಗಿ ಅಲೆಯುವುದಕ್ಕಿಂತ ರಜೆಯ ಮಂಜೂರಾತಿಯನ್ನು ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳುವುದು ಜಾಣತನ.

ದಾರಿ ಮುಚ್ಚುವ ವೇಗ

2006ರ ಜುಲೈ 12ರಂದು ಇಸ್ರೇಲ್ ಮತ್ತು ಹಿಜಬುಲ್ಲಾ ನಡುವೆ ಯುದ್ಧ ಆರಂಭವಾಯಿತು. ಮರುದಿನವೇ ಬೈರೂತ್ ವಿಮಾನ ನಿಲ್ದಾಣದ ಓಡುಹಾದಿ ಬಾಂಬಿಗೆ ಗುರಿಯಾಯಿತು. ಆಗ ಭಾರತೀಯ ನೌಕಾಪಡೆಯ ಹಡಗುಗಳು ಸುಮಾರು 2,280 ಮಂದಿಯನ್ನು ಸೈಪ್ರಸ್‌ಗೆ ಸಾಗಿಸಿದವು. ಸುಡಾನ್‌ನಲ್ಲಿ 2023ರ ಏಪ್ರಿಲ್ 15ರಂದು ಕಾಳಗ ಆರಂಭವಾದ ದಿನವೇ ಖಾರ್ಟೂಮ್ ವಿಮಾನ ನಿಲ್ದಾಣ ರಣಾಂಗಣವಾಯಿತು. ಗಿಡಮೂಲಿಕೆ ಔಷಧ ಮಾರಲು ತೆರಳಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಲುಕಿದರು. ‘ಆಪರೇಷನ್ ಕಾವೇರಿ’ ಮೂಲಕ ಪೋರ್ಟ್ ಸುಡಾನ್ ಬಂದರಿನಿಂದ ಜಿದ್ದಾಕ್ಕೆ, ಅಲ್ಲಿಂದ ಭಾರತಕ್ಕೆ ಜನರನ್ನು ಕರೆತರಲಾಯಿತು. 2025ರ ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿದಾಗಲೂ ವಾಯುಮಾರ್ಗ ಕೂಡಲೇ ಮುಚ್ಚಿತು. ಟೆಹರಾನಿನ ವಿದ್ಯಾರ್ಥಿಗಳನ್ನು ಇತರ ನಗರಗಳಿಗೆ ಸ್ಥಳಾಂತರಿಸಿ, ಅರ್ಮೇನಿಯಾ ಮುಂತಾದ ನೆರೆರಾಷ್ಟ್ರಗಳ ಮೂಲಕವೂ ಹೊರತರಬೇಕಾಯಿತು.

ಈ ಎಲ್ಲ ಪ್ರಸಂಗಗಳಲ್ಲಿ ವಿಮಾನ ನಿಲ್ದಾಣ ಮುಚ್ಚಲು ಒಂದೆರಡು ದಿನಗಳೂ ಬೇಕಾಗಲಿಲ್ಲ. ಆಮೇಲೆ ಹೊರಬರುವುದು ರಸ್ತೆ ಅಥವಾ ಕಡಲಿನಿಂದ. ನೆರೆಯ ದೇಶ ಗಡಿ ತೆರೆದಿದ್ದರೆ ಮಾತ್ರ ಅದೂ ಸಾಧ್ಯ.

ಮುಂಚಿತವಾಗಿ ಮಾಡಿಡಬೇಕಾದುದು

ಪಾಸ್‌ಪೋರ್ಟ್, ವೀಸಾ, ನಿವಾಸ ಪರವಾನಗಿ, ಉದ್ಯೋಗ ಕರಾರು, ಸಂಬಳದ ದಾಖಲೆಗಳ ಪ್ರತಿಗಳು ಕೈಯಲ್ಲೊಂದು, ಊರಿನ ಮನೆಯಲ್ಲೊಂದು ಇರಲಿ. ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ ನೋಂದಾಯಿಸಿಕೊಳ್ಳಿ. ಉಳಿತಾಯವನ್ನು ಅಲ್ಲಿಯೇ ಕೂಡಿಡದೆ ಆಗಾಗ ಊರಿಗೆ ಕಳುಹಿಸಿ. ಒಂದು ಟಿಕೆಟ್ಟಿನಷ್ಟು ಹಣವನ್ನು ಬ್ಯಾಂಕಿನ ಹೊರಗೆ ಇಟ್ಟುಕೊಳ್ಳಿ. ಸುರಕ್ಷಿತ ಗಡಿ ಯಾವುದು, ಅದನ್ನು ದಾಟಲು ಯಾವ ವೀಸಾ ಬೇಕು ಎಂಬುದನ್ನು ಶಾಂತಿಯ ದಿನಗಳಲ್ಲಿಯೇ ತಿಳಿದುಕೊಳ್ಳಿ.

ದಾಖಲೆಗಳ ಬೆಲೆ ಯುದ್ಧ ಮುಗಿದ ಮೇಲೆಯೂ ಇರುತ್ತದೆ. 1991ರಲ್ಲಿ ಸ್ಥಾಪನೆಯಾದ ವಿಶ್ವಸಂಸ್ಥೆಯ ಪರಿಹಾರ ಆಯೋಗವು ಆಕ್ರಮಣದ ಅವಧಿಯಲ್ಲಿ ಕುವೈತ್ ಅಥವಾ ಇರಾಕ್ ಬಿಡಬೇಕಾದವರಿಗೆ, ಹೆಚ್ಚಿನ ಅರ್ಜಿ ಸಲ್ಲಿಸದಿದ್ದರೆ, ಒಬ್ಬರಿಗೆ 4,000 ಡಾಲರ್, ಕುಟುಂಬಕ್ಕೆ 8,000 ಡಾಲರ್ ಪರಿಹಾರ ನಿಗದಿಪಡಿಸಿತು. ಇರಾಕಿನ ತೈಲದ ಆದಾಯದಿಂದ ಒಟ್ಟು 5,240 ಕೋಟಿ ಡಾಲರ್ ಪಾವತಿಯಾಗಿ ಈ ಕಾರ್ಯ ಮುಗಿದದ್ದು 2022ರಲ್ಲಿ. ಅಲ್ಲಿದ್ದುದಕ್ಕೂ ಅಲ್ಲಿಂದ ಹೊರಟುದಕ್ಕೂ ಆಧಾರ ತೋರಿಸಬಲ್ಲವರಿಗೆ ಅದು ನೆರವಾಯಿತು.

ಇನ್ನು ನಿರ್ಧಾರದ ಮಾತು. ‘ಪರಿಸ್ಥಿತಿ ಕೆಟ್ಟರೆ ಹೊರಡೋಣ’ ಎಂಬುದು ನಿರ್ಧಾರವಲ್ಲ, ಏಕೆಂದರೆ ಕೆಟ್ಟಿತೆಂದು ಖಚಿತವಾಗುವ ಹೊತ್ತಿಗೆ ವಿಮಾನ ನಿಂತಿರುತ್ತದೆ. ಯಾವ ಸೂಚನೆ ಬಂದರೆ ಹೆಂಡತಿ ಮಕ್ಕಳು ಹೊರಡಬೇಕು, ಯಾವ ಗೆರೆ ದಾಟಿದರೆ ತಾನೂ ಹೊರಡಬೇಕು ಎಂಬುದನ್ನು ಊರಿನವರೊಂದಿಗೆ ಮಾತನಾಡಿ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹಾಗೆ ಹೊರಟ ಮೇಲೆ ಯುದ್ಧ ಆಗದೇ ಹೋದರೆ ಒಂದು ಟಿಕೆಟ್ಟಿನ ಹಣ, ಕೆಲವು ವಾರಗಳ ಸಂಬಳ, ಕೆಲವೊಮ್ಮೆ ಕೆಲಸವೇ ನಷ್ಟವಾಗಬಹುದು. ಬಡ ಕುಟುಂಬಕ್ಕೆ ಅದು ಸಣ್ಣ ನಷ್ಟವಲ್ಲ. ಆದರೆ ಕುವೈತ್‌ನಿಂದ ಬರಿಗೈಯಲ್ಲಿ ಮರಳಿದವರಲ್ಲಿ ಬಹಳಷ್ಟು ಮಂದಿ 1991ರ ವಿಮೋಚನೆಯ ನಂತರ ಮತ್ತೆ ಅಲ್ಲಿಗೇ ತೆರಳಿ ದುಡಿದರು ಎಂಬುದನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.