ಕಾಡುಗಳ ವಿಭಜನೆಯೂ ವೃಕ್ಷಗಳ ವಂಶಪರಂಪರೆಯೂ

ಬೆಂಗಳೂರಿನಿಂದ ದೇವನಹಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಯಲಹಂಕವನ್ನು ದಾಟಿದ ಮೇಲೆ ಹುಣಸಮಾರನಹಳ್ಳಿಯು ದೊರೆಯುತ್ತದೆ. ಹೆಸರನ್ನು ಕೇಳಿದೊಡನೆಯೇ ಹುಣಸೆಯ ಮರವು ನೆನಪಿಗೆ ಬರುವುದು. ಆದರೆ ಊರಿನ ಹೆಸರಿನಲ್ಲಿ ಮರವು ಉಳಿಯುವುದು ಒಂದು ವಿಷಯ; ನೆಲದ ಮೇಲೆ ಅದರ ವಂಶವು ಕ್ಷೇಮವಾಗಿ ಉಳಿಯುವುದು ಬೇರೊಂದು ವಿಷಯ. ಕಾಡು ತುಂಡುತುಂಡಾದಾಗ ಮರಗಳ ವಂಶಕ್ಕೆ ಏನಾಗುವುದೆಂಬುದು ಚರಿತ್ರೆಯನ್ನೂ ಸಸ್ಯಶಾಸ್ತ್ರವನ್ನೂ ಕೂಡಿಸಿ ನೋಡಬೇಕಾದ ಪ್ರಶ್ನೆಯಾಗಿದೆ.

ಈ ಸೀಮೆಯಲ್ಲಿ ಬೇಸಾಯವೂ ಊರುಗಳೂ ಬಹು ಪ್ರಾಚೀನವಾದುವು. ಹೆಬ್ಬಾಳದಲ್ಲಿ ದೊರೆತಿರುವ ಕಿತ್ತಯ್ಯನ ವೀರಗಲ್ಲು ಕ್ರಿ. ಶ. 750ರ ಸುಮಾರಿನದು, ಗಂಗರಾಜನಾದ ಶ್ರೀಪುರುಷನ ಆಳ್ವಿಕೆಯ ಕಾಲಕ್ಕೆ ಸೇರಿದುದು. ಅಂದಿನಿಂದ ಇಂದಿನವರೆಗೆ ಕೆರೆ, ಗದ್ದೆ, ಹೊಲ, ದಾರಿಗಳು ಹೆಚ್ಚಿದಂತೆಲ್ಲ ಬಯಲುಸೀಮೆಯ ಕುರುಚಲು ಕಾಡು ಕಿರಿದಾಗುತ್ತ ಬಂದು, ಕಾವಲು, ಗುಂಡುತೋಪು, ದೇವರ ಬನ ಎಂಬ ತುಣುಕುಗಳಾಗಿ ಉಳಿಯಿತು. ಯಲಹಂಕದ ಬಳಿಯ ಜಾರಕಬಂಡೆ ಕಾವಲು ಅಂತಹ ತುಣುಕುಗಳಲ್ಲೊಂದು.

ಹೀಗೆ ತುಂಡಾದುದರ ಫಲವು ಕಣ್ಣಿಗೆ ಒಡನೆ ಕಾಣುವುದಿಲ್ಲ. ಮರದ ಆಯುಸ್ಸು ದೀರ್ಘವಾದುದು. ಕಾಡು ಒಡೆಯುವ ಮುನ್ನ ಹುಟ್ಟಿದ ಹಿರಿಯ ಮರಗಳು ಒಡೆದ ಮೇಲೆಯೂ ಶತಮಾನಕಾಲ ನಿಂತಿರಬಲ್ಲುವು. ಹಾನಿಯು ಕಾಣುವುದು ಅವುಗಳ ಸಂತತಿಯಲ್ಲಿ. ಸಗೋತ್ರದಲ್ಲಿ ವಿವಾಹ ಕೂಡದೆಂಬ ನಿಯಮವನ್ನು ನಮ್ಮ ಹಿರಿಯರು ಮನುಷ್ಯರಿಗೆ ವಿಧಿಸಿದರು. ಮರಗಳಿಗೆ ಆ ನಿಯಮವನ್ನು ನಡೆಸಿಕೊಡುವುದು ದುಂಬಿ, ಜೇನು, ಗಾಳಿ, ಹಕ್ಕಿಗಳು. ಅವು ದೂರದ ಮರದ ಪರಾಗವನ್ನೂ ಬೀಜವನ್ನೂ ತಂದಾಗ ಸಂತತಿಯಲ್ಲಿ ನಾನಾ ಗುಣಗಳು ಕೂಡುತ್ತವೆ. ನಡುವೆ ಬಯಲು ಬೆಳೆದು ಆ ಸಂಚಾರವು ತಗ್ಗಿದರೆ, ಉಳಿದ ಕೆಲವೇ ಮರಗಳು ತಮ್ಮತಮ್ಮ ಬಂಧುಗಳಲ್ಲಿಯೇ ಕೂಡಬೇಕಾಗುವುದು. ಅಪರೂಪವಾದ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಆಕಸ್ಮಿಕವಾಗಿ ಕಳೆದುಹೋಗುತ್ತವೆ. ಹೊಸ ರೋಗವಾಗಲಿ ಅನಾವೃಷ್ಟಿಯಾಗಲಿ ಬಂದಾಗ ಅದನ್ನು ತಡೆಯಬಲ್ಲ ಗುಣವು ಆ ಕುಲದಲ್ಲಿ ಇಲ್ಲದೆಯೇ ಹೋಗಬಹುದು.

ಮರವನ್ನು ಕಾಪಾಡಿದ ಮಾತ್ರಕ್ಕೆ ವಂಶವನ್ನು ಕಾಪಾಡಿದಂತಾಗುವುದಿಲ್ಲವೆಂಬುದಕ್ಕೆ ಶ್ರೀಗಂಧವೇ ನಿದರ್ಶನ. ಟಿಪ್ಪು ಸುಲ್ತಾನನು 1792ರಲ್ಲಿ ಅದನ್ನು ರಾಜವೃಕ್ಷವೆಂದು ಘೋಷಿಸಿದನು. ಬಳಿಕ ಬಂದ ಸರ್ಕಾರಗಳೂ ಆ ಹಕ್ಕನ್ನು ಬಹುಕಾಲ ಬಿಡಲಿಲ್ಲ. ಆದರೆ ಕಾನೂನು ಕಂಡದ್ದು ಮರದ ಬೆಲೆಯನ್ನು, ಅದರ ನೆರೆಹೊರೆಯನ್ನಲ್ಲ. ಗಂಧವು ತನ್ನ ಬೇರುಗಳನ್ನು ಬೇರೆ ಗಿಡಮರಗಳ ಬೇರಿಗೆ ತಗುಲಿಸಿ ಆಹಾರವನ್ನು ಹೀರುವ ಜಾತಿಯದು; ಸುತ್ತಣ ಕಾಡಿಲ್ಲದೆ ಅದಕ್ಕೆ ಬಾಳಿಲ್ಲ. ಹಿರಿಯ ಮರವು ಹೋದ ಮೇಲೆ ಬೇರಿನಿಂದ ಚಿಗುರಿದ ಗಿಡಗಳು ಎಣಿಕೆಗೆ ಹತ್ತಾದರೂ ವಂಶದ ದೃಷ್ಟಿಯಿಂದ ಒಂದೇ. ಯಲಹಂಕದ ದಾರಿಯಲ್ಲಿರುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿದ್ವಾಂಸರು ದಕ್ಷಿಣ ಭಾರತದ ಗಂಧದ ಮರಗಳ ವಂಶವೈವಿಧ್ಯವನ್ನು ಅಳೆದು, ಯಾವ ಪ್ರದೇಶವನ್ನು ಮೊದಲು ರಕ್ಷಿಸಬೇಕೆಂಬ ವಿಚಾರವನ್ನು 2007ರಲ್ಲಿ ಪ್ರಕಟಿಸಿದುದು ಈ ಕಾರಣದಿಂದಲೇ.

ಇನ್ನು ಕೊಡಗಿನ ದೇವರಕಾಡುಗಳನ್ನು ನೋಡಬಹುದು. 1905ರಲ್ಲಿ ಸುಮಾರು 15,500 ಎಕರೆಯಷ್ಟಿದ್ದ ಇವು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿದ್ದುವು. ಕಾಫಿ ತೋಟಗಳ ಕಡಲಿನಲ್ಲಿ ದ್ವೀಪಗಳಂತಾಗಿದ್ದುವು. ಆ ಜಿಲ್ಲೆಯ 216 ಚದರ ಕಿಲೋಮೀಟರ್ ಪ್ರದೇಶದಲ್ಲಿ ಬಿಳಿ ಅಗಿಲು ಎಂಬ ಮರದ ತಂದೆತಾಯಿಗಳನ್ನು ವಂಶವಾಹಿಗಳ ಮೂಲಕ ಗುರುತಿಸಿದ ಶೋಧನೆಯೊಂದು 2012ರಲ್ಲಿ ಬೆಳಕಿಗೆ ಬಂದಿತು. ಮರಗಳು ವಿರಳವಾಗಿದ್ದ ತುಣುಕುಗಳಲ್ಲಿ ಸಮೀಪದ ಬಂಧುಗಳ ನಡುವಣ ಕೂಟವು ಹೆಚ್ಚಾಗಿತ್ತು. ಎಳೆಯ ಸಸಿಗಳಲ್ಲಿ, ಹಿರಿಯ ಮರಗಳಲ್ಲಿ ಕಂಡುದಕ್ಕಿಂತ ಹೆಚ್ಚಾಗಿ, ಒಂದೊಂದು ತಾಣದ ಕುಲವು ಬೇರೆಬೇರೆಯಾಗತೊಡಗಿತ್ತು. ಆದರೆ ಆಶ್ಚರ್ಯವೇನೆಂದರೆ, ತೋಟದ ನಡುವೆ ಒಂಟಿಯಾಗಿ ನಿಂತಿದ್ದ ಮರಗಳಿಗೆ 5 ಕಿಲೋಮೀಟರಿಗೂ ಮೀರಿದ ದೂರದಿಂದ ನಾನಾ ಮರಗಳ ಪರಾಗವು ಬಂದು ಸೇರುತ್ತಿದ್ದಿತು. ಒಂಟಿ ಮರವು ಕಾಡಿಗೆ ಸಮನಲ್ಲ, ನಿಜ. ಆದರೂ ಕಾಡಿಗೂ ಕಾಡಿಗೂ ನಡುವೆ ಅದು ಸೇತುವೆಯಾಗಬಲ್ಲುದೆಂಬುದು ಇದರಿಂದ ಊಹಿಸಬಹುದಾದ ಸಂಗತಿ.

ಹುಣಸಮಾರನಹಳ್ಳಿಯ ಸೀಮೆಗೆ ಈ ಮಾತು ಬಹಳ ಹತ್ತಿರವಾದುದು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಚೋಳರ ಕಾಲದ್ದೆಂದು ಪ್ರತೀತಿಯಿರುವ ಹುಣಸೆಯ ತೋಪೊಂದಿದೆ. ಸುಮಾರು 54 ಎಕರೆಯ ಈ ತೋಪು 2007ರಲ್ಲಿ ಭಾರತದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಆಕಾರದಲ್ಲಿಯೂ ಹಣ್ಣಿನ ರುಚಿಯಲ್ಲಿಯೂ ಅಲ್ಲಿನ ಮರಗಳು ಒಂದರಂತೆ ಒಂದಿಲ್ಲ. ಹುಣಸೆಯು ಬಹುಮಟ್ಟಿಗೆ ಪರಮರದ ಪರಾಗದಿಂದಲೇ ಕಾಯಿ ಕಟ್ಟುವ ಜಾತಿಯಾದುದರಿಂದ, ಬೇಲಿಯೊಳಗಿನ ರಕ್ಷಣೆ ಮಾತ್ರವೇ ಅದಕ್ಕೆ ಸಾಲದು. ಸುತ್ತಲಿನ ಹೊಲಗಳಲ್ಲಿಯೂ ರಸ್ತೆಯ ಅಂಚಿನಲ್ಲಿಯೂ ಇರುವ ಮರಗಳು ಅದರ ಬಂಧುವರ್ಗವೇ ಆಗಿವೆ.

2008ರಲ್ಲಿ ವಿಮಾನ ನಿಲ್ದಾಣವು ತೆರೆದ ಮೇಲೆ ಈ ದಾರಿಯು ಅಗಲವಾಗಿ, ಇಕ್ಕೆಲಗಳಲ್ಲಿ ನಗರವು ಬೆಳೆದಿದೆ. ಕಡಿದ ಒಂದು ಮರಕ್ಕೆ ಹತ್ತು ಸಸಿಗಳನ್ನು ನೆಟ್ಟರೆ ಲೆಕ್ಕವು ಸರಿಹೋಯಿತೆಂದು ಭಾವಿಸುವುದುಂಟು. ಆ ಹತ್ತು ಸಸಿಗಳೂ ಒಂದೇ ಮರದಡಿಯಲ್ಲಿ ಆಯ್ದ ಬೀಜದಿಂದ ಬಂದುವಾದರೆ, ನೆಟ್ಟದ್ದು ಒಡಹುಟ್ಟಿದವರ ಒಂದು ಮನೆಯನ್ನೇ ಹೊರತು ತೋಪನ್ನಲ್ಲ. ಬೀಜವನ್ನು ದೂರದೂರದ ಹಲವು ತಾಯಿಮರಗಳಿಂದ ತರುವುದು, ಹಳೆಯ ಒಂಟಿ ಮರವನ್ನು ನಿಷ್ಪ್ರಯೋಜಕವೆಂದು ಕಡಿಯದಿರುವುದು, ಇವೆರಡೂ ಹೆಚ್ಚು ವೆಚ್ಚದ ಕಾರ್ಯಗಳಲ್ಲ. ಇವುಗಳನ್ನು ಇಂದು ಉಪೇಕ್ಷಿಸಿದರೆ ಅದರ ಫಲವು ಇಂದಿನವರಿಗೆ ಕಾಣುವುದಿಲ್ಲ. ಅದನ್ನು ಉಣ್ಣಬೇಕಾದವರು ಮೊಮ್ಮಕ್ಕಳು.