ಸೋಸಾಕು ಕೊಬಾಯಾಶಿ

ಸೋಸಾಕು ಕೊಬಾಯಾಶಿ (1893–1963) ಜಪಾನಿನ ಪ್ರಾಥಮಿಕ ಶಾಲಾ ಶಿಕ್ಷಕ, ಸಂಗೀತ ಬೋಧಕ. ಲಯವನ್ನು ಮೈಯ ಚಲನೆಯಿಂದ ಕಲಿಸುವ ಯುರಿದಮಿಕ್ಸ್ ಪದ್ಧತಿಯನ್ನು ತಮ್ಮ ದೇಶದ ಮಕ್ಕಳಿಗೆ ಪರಿಚಯಿಸಿದವರು. 1937ರಲ್ಲಿ ಟೋಕಿಯೊದ ಜಿಯುಗವೊಕಾದಲ್ಲಿ ತೊಮೊಯೆ ಗಾಕುಎನ್ ಎಂಬ ಶಾಲೆ ತೆರೆದರು. 1945ರ ವಾಯುದಾಳಿಯಲ್ಲಿ ಅದು ಸುಟ್ಟುಹೋಯಿತು. ಕನ್ನಡ ಓದುಗರಿಗೆ ಅವರು ‘ತೊತ್ತೊಚಾನ್’ ಪುಸ್ತಕದ ಹೆಡ್‌ಮಾಸ್ತರರಾಗಿ ಪರಿಚಿತರು: ಕೂದಲು ತೆಳ್ಳಗಾದ, ಅಲ್ಲಲ್ಲಿ ಹಲ್ಲು ಬಿದ್ದ, ಹಳೆಯ ಕರಿ ಸೂಟು ತೊಟ್ಟ ಕರುಣಾಳು ಮನುಷ್ಯ. ಆ ಕರುಣೆಯ ಬೆನ್ನಿಗೆ ವರ್ಷಗಟ್ಟಲೆ ಪಳಗಿಸಿಕೊಂಡ ಒಂದು ಖಚಿತ ಪದ್ಧತಿ ಇತ್ತೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ.

ಹುಟ್ಟಿದ್ದು ಟೋಕಿಯೊದ ವಾಯವ್ಯಕ್ಕಿರುವ ಗುನ್ಮಾ ಪ್ರಾಂತ್ಯದ ಹಳ್ಳಿಯಲ್ಲಿ, ಬಡ ರೈತ ಕುಟುಂಬದ ಆರು ಮಕ್ಕಳಲ್ಲಿ ಕಿರಿಯವರಾಗಿ. ಮನೆಯ ಹತ್ತಿರದ ಹೊಳೆಯ ದಡದಲ್ಲಿ ನಿಂತು, ಭೋರ್ಗರೆಯುವ ನೀರನ್ನೇ ವಾದ್ಯವೃಂದವೆಂದು ಬಗೆದು ಕೈಯಾಡಿಸಿ ‘ನಿರ್ದೇಶಿಸುವುದು’ ಬಾಲಕನ ಆಟವಾಗಿತ್ತಂತೆ. ಪ್ರಾಥಮಿಕ ಓದು ಮುಗಿಯುತ್ತಲೇ ದುಡಿಯಬೇಕಾಗಿ ಬಂದು ಸಹಾಯಕ ಉಪಾಧ್ಯಾಯರಾದರು. ಅಧ್ಯಾಪಕ ಪರೀಕ್ಷೆಯನ್ನು ಚಿಕ್ಕ ವಯಸ್ಸಿನಲ್ಲೇ ಪಾಸು ಮಾಡಿ ಟೋಕಿಯೊದ ಉಶಿಗೋಮೆ ಪ್ರಾಥಮಿಕ ಶಾಲೆ ಸೇರಿದರು. ಪಾಠ ಹೇಳುತ್ತಲೇ ಸಂಗೀತ ಕಲಿತು, ಕೊನೆಗೆ ದೇಶದ ಅತ್ಯುನ್ನತ ಸಂಗೀತ ಶಾಲೆಯ ಶಿಕ್ಷಕ ತರಬೇತಿ ವಿಭಾಗಕ್ಕೆ ಪ್ರವೇಶ ಪಡೆದರು. ಅಲ್ಲಿಂದ ಹೊರಬಂದ ಮೇಲೆ ಸೇಕೆಯ್ ಪ್ರಾಥಮಿಕ ಶಾಲೆಯಲ್ಲಿ ಸಂಗೀತದ ಮೇಷ್ಟ್ರಾದರು. ಅದರ ಸ್ಥಾಪಕ ಹಾರುಜಿ ನಾಕಾಮುರ ಚಿಕ್ಕ ತರಗತಿಗಳನ್ನು ನೆಚ್ಚಿದವರು. ಮಕ್ಕಳನ್ನು ನಡಿಗೆಗೆ, ಬೇಸಿಗೆ ಶಿಬಿರಕ್ಕೆ ಕರೆದೊಯ್ಯುತ್ತಿದ್ದವರು. ತೊಮೊಯೆಯ ಎಷ್ಟೋ ರೂಢಿಗಳ ಬೇರು ಇಲ್ಲಿದೆ. ಕೊಬಾಯಾಶಿ ಇಲ್ಲಿ ಮಕ್ಕಳಿಗಾಗಿ ಬರೆದ ಸಂಗೀತ ನಾಟಕವೊಂದನ್ನು ಮಿತ್ಸುಬಿಶಿ ಮನೆತನದ ಬ್ಯಾರನ್ ಇವಾಸಾಕಿ ಮೆಚ್ಚಿ, ಅವರ ಯುರೋಪ್ ಓದಿನ ಖರ್ಚು ವಹಿಸಿಕೊಂಡರು.

1923ರಲ್ಲಿ, ಮೂವತ್ತರ ವಯಸ್ಸಿನಲ್ಲಿ ಹಡಗು ಹತ್ತಿದ ಕೊಬಾಯಾಶಿ ಎರಡು ವರ್ಷ ಹಲವು ಶಾಲೆಗಳನ್ನು ಕಂಡರು. ಪ್ಯಾರಿಸ್‌ನಲ್ಲಿ ಸ್ವಿಸ್ ಸಂಗೀತಜ್ಞ ಎಮಿಲ್ ಝಾಕ್-ದಾಲ್ಕ್ರೋಜ್ (1865–1950) ಅವರ ಶಿಷ್ಯರಾದರು. ಜಿನೀವಾದಲ್ಲಿ ಪಾಠ ಹೇಳುತ್ತಿದ್ದ ದಾಲ್ಕ್ರೋಜ್‌ಗೆ, ಬೆರಳುಗಳು ಪಳಗಿದ್ದರೂ ಲಯ ಮೈಗೂಡದ ವಿದ್ಯಾರ್ಥಿಗಳು ಚಿಂತೆಯಾಗಿದ್ದರು. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಸರಳ: ವಾದ್ಯ ಮುಟ್ಟುವ ಮೊದಲು ನಡೆಯಲು ಕಲಿಯಬೇಕು. ಮೇಷ್ಟ್ರು ಪಿಯಾನೊ ನುಡಿಸುತ್ತಾರೆ. ಮಕ್ಕಳ ಕೈಗಳು ತಾಳ ಹಿಡಿಯುತ್ತವೆ, ಕಾಲುಗಳು ಸ್ವರಗಳ ಕಾಲಪ್ರಮಾಣಕ್ಕೆ ಹೆಜ್ಜೆ ಹಾಕುತ್ತವೆ. ಕೈಯಲ್ಲಿ ಆದಿತಾಳ ಹಾಕುತ್ತ ಕಾಲಲ್ಲಿ ಬೇರೆ ನಡೆ ತುಳಿಯಲು ಹೋಗಿ ತಡವರಿಸಿದವರಿಗೆ ಇದರ ಕಷ್ಟ ಗೊತ್ತು. ತಾಳ ಮೂರಾಗಿರಬಹುದು, ಐದಾಗಿರಬಹುದು, ನಡುವೆ ತಟ್ಟನೆ ಬದಲಾಗಲೂಬಹುದು. ಕಿವಿ ತೆರೆದಿರಬೇಕು, ಮೈ ಕೂಡಲೇ ಒಗ್ಗಬೇಕು. ಕೊಬಾಯಾಶಿ ಇದನ್ನು ಸಂಗೀತದ ಪಾಠಕ್ಕಷ್ಟೇ ಸೀಮಿತಗೊಳಿಸಲಿಲ್ಲ. ಅಕ್ಷರ ಮತ್ತು ಬಾಯಿಪಾಠಕ್ಕೆ ಜೋತುಬಿದ್ದ ಶಾಲೆಗಳು ಮಕ್ಕಳ ಇಂದ್ರಿಯಗಳನ್ನೇ ಮಂಕಾಗಿಸುತ್ತಿವೆ ಎಂಬುದು ಅವರ ಕೊರಗಾಗಿತ್ತು.

ಮರಳಿ ಬಂದು ಕುನಿಯೋಶಿ ಒಬಾರಾ ಅವರೊಡನೆ ಸೇಜೋ ಶಿಶುವಿಹಾರ ಕಟ್ಟಿದರು. ಮೊದಲೇ ಹಾಕಿಟ್ಟ ಅಚ್ಚಿಗೆ ಮಕ್ಕಳನ್ನು ತುರುಕಬೇಡಿ ಎಂದು ಅಲ್ಲಿನ ಶಿಕ್ಷಕಿಯರಿಗೆ ಹೇಳುತ್ತಿದ್ದರು. 1930ರಲ್ಲಿ ಮತ್ತೊಮ್ಮೆ ಯುರೋಪ್ ಸುತ್ತಿ ಬಂದಾಗ ಸ್ವಂತ ಶಾಲೆಯ ನಿರ್ಧಾರ ಗಟ್ಟಿಯಾಗಿತ್ತು.

ತೊಮೊಯೆಯ ತರಗತಿಗಳು ನಡೆಯುತ್ತಿದ್ದುದು ಓಡಾಟ ನಿಲ್ಲಿಸಿದ ಹಳೆಯ ರೈಲು ಬೋಗಿಗಳಲ್ಲಿ. ಇಡೀ ಶಾಲೆಗೆ ಸುಮಾರು ಐವತ್ತು ಮಕ್ಕಳು. ಬೆಳಿಗ್ಗೆ ಶಿಕ್ಷಕಿ ದಿನದ ಪಾಠಗಳ ಪಟ್ಟಿಯನ್ನೆಲ್ಲ ಕರಿಹಲಗೆಯ ಮೇಲೆ ಬರೆಯುವರು. ಯಾವುದರಿಂದ ಶುರು ಮಾಡಬೇಕೆಂಬುದು ಮಗುವಿಗೇ ಬಿಟ್ಟದ್ದು. ಒಬ್ಬ ಲೆಕ್ಕ ಬಿಡಿಸುವಾಗ ಪಕ್ಕದವನು ಸ್ಪಿರಿಟ್ ದೀಪದ ಮೇಲೆ ಏನನ್ನೋ ಕುದಿಸುತ್ತಿರಬಹುದು. ಯಾವ ಮಗುವಿಗೆ ಏನು ಹಿಡಿಸುತ್ತದೆ, ಅದು ಹೇಗೆ ಯೋಚಿಸುತ್ತದೆ ಎಂಬುದು ಇದರಿಂದ ಶಿಕ್ಷಕಿಗೆ ತಾನಾಗಿ ತಿಳಿಯುತ್ತಿತ್ತು. ಪಟ್ಟಿ ಮುಗಿದರೆ ಮಧ್ಯಾಹ್ನ ನಡಿಗೆ. ಹೂವಿನ ಕೇಸರ, ಚಿಟ್ಟೆ, ದೇವಸ್ಥಾನದ ಬಾವಿ ಎಲ್ಲವೂ ಸಿಗುವ ಆ ನಡಿಗೆ ಪಾಠವೆಂದು ಮಕ್ಕಳಿಗೆ ಗೊತ್ತೇ ಆಗುತ್ತಿರಲಿಲ್ಲ. ಊಟದ ಡಬ್ಬಿಯಲ್ಲಿ ಕಡಲಿನದೊಂದು, ಬೆಟ್ಟದ್ದೊಂದು ಪದಾರ್ಥ ಇರಬೇಕೆಂಬುದು ಹೆತ್ತವರಿಗೆ ಹೇಳಿದ್ದ ನಿಯಮ. ಮೀನಿನ ಜೊತೆ ತರಕಾರಿ ಇರಲಿ ಎಂಬುದನ್ನು ಇದಕ್ಕಿಂತ ಹಗುರವಾಗಿ ಹೇಳುವುದು ಕಷ್ಟ. ಡಬ್ಬಿಯಲ್ಲಿ ಒಂದಿಲ್ಲದಿದ್ದರೆ ಮೇಷ್ಟ್ರ ಹೆಂಡತಿ ಎರಡು ಪಾತ್ರೆ ಹಿಡಿದು ಹಿಂದೆಯೇ ಬಂದು ಬಡಿಸುತ್ತಿದ್ದರು.

ಸಭಾಂಗಣದ ಪಾಠವೊಂದು ಅವರ ಬುದ್ಧಿವಂತಿಕೆಗೆ ಒಳ್ಳೆಯ ಸಾಕ್ಷಿ. ಪಿಯಾನೊ ಕೇಳಿ ಮಕ್ಕಳು ಸ್ವರಚಿಹ್ನೆಗಳನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆಯೇ ಬರೆಯಬೇಕು. ಕಾಗದದಲ್ಲಾದರೆ ದೊಡ್ಡ ಸ್ವರಕ್ಕೆ ಜಾಗ ಸಾಲದು. ಕೊನೆಗೆ ಅಷ್ಟನ್ನೂ ಒರೆಸಿ ತೊಳೆಯುವುದೂ ಅವರ ಕೆಲಸವೇ. ಗೀಚಿದ್ದನ್ನು ಅಳಿಸುವ ಶ್ರಮ ಕಂಡ ಮಕ್ಕಳು ಬೇರೆಲ್ಲೂ ಗೋಡೆ ಕೆಡಿಸಲಿಲ್ಲ. ಉಪದೇಶ ಮಾಡದೆ, ಕೆಲಸದ ಒಳಗೇ ಶಿಸ್ತನ್ನು ಹುದುಗಿಸಿಡುವ ಈ ಜಾಣ್ಮೆ ಅವರ ಕ್ರೀಡಾದಿನದಲ್ಲೂ ಇದೆ. ಬೆಳವಣಿಗೆ ನಿಂತ ಗಿಡ್ಡ ಮೈಯ ಹುಡುಗನೇ ಪ್ರತಿ ಆಟದಲ್ಲೂ ಗೆಲ್ಲುವಂತೆ ಸ್ಪರ್ಧೆಗಳನ್ನು ಹೆಣೆದಿದ್ದರು. ಹಾಗೆಂದು ಯಾರಿಗೂ ಹೇಳಲಿಲ್ಲ. ಬಹುಮಾನ ಮೂಲಂಗಿ, ಪಾಲಕ್ ಮುಂತಾದ ತರಕಾರಿ. ಪೋಲಿಯೊ ಆದ ಮಗುವಿಗೂ ತನ್ನ ಮೈಯ ನಾಚಿಕೆ ಬಿಡಲೆಂದು ಕೊಳದಲ್ಲಿ ಮಕ್ಕಳನ್ನು ಬರಿಮೈಯಲ್ಲೇ ಈಜಲು ಬಿಡುತ್ತಿದ್ದರು. ಶಿಕ್ಷಕಿಯೊಬ್ಬರು ಪಾಠದ ನಡುವೆ ಆ ಗಿಡ್ಡ ಹುಡುಗನಿಗೆ ತಮಾಷೆಗೆ ನಿನಗೆ ಬಾಲವಿದೆಯೇ ಎಂದಾಗ ಕೊಬಾಯಾಶಿ ಸಿಟ್ಟಾದರು. ಆದರೆ ಶಿಕ್ಷಕರ ಕೋಣೆಯಲ್ಲಿ ಬೈಯಲಿಲ್ಲ, ಅಡುಗೆಮನೆಗೆ ಕರೆದು ಬೈದರು. ಶಿಕ್ಷಕಿಯ ಮರ್ಯಾದೆಯೂ ಅವರ ಲೆಕ್ಕದಲ್ಲಿತ್ತು.

ಇವೆಲ್ಲ ತಿಳಿದುಬಂದಿರುವುದು ಬಹುಪಾಲು ಒಬ್ಬ ವಿದ್ಯಾರ್ಥಿನಿಯ ನೆನಪಿನಿಂದ. ತೆತ್ಸುಕೊ ಕುರೊಯಾನಾಗಿ (ಜನನ 1933) ಮೊದಲ ತರಗತಿಯಲ್ಲೇ ಇನ್ನೊಂದು ಶಾಲೆಯಿಂದ ಹೊರಹಾಕಿಸಿಕೊಂಡು ತೊಮೊಯೆಗೆ ಬಂದವರು. ಭೇಟಿಯ ಮೊದಲ ದಿನ ಮೇಷ್ಟ್ರು ನಾಲ್ಕು ಗಂಟೆ ಕಾಲ ಬೇಸರಿಸದೆ ಅವರ ಮಾತು ಕೇಳಿದ್ದರು. ಮುಂದೆ ಟೆಲಿವಿಷನ್ ತಾರೆಯಾದ ಕುರೊಯಾನಾಗಿ 1979–80ರಲ್ಲಿ ಮಾಸಪತ್ರಿಕೆಯೊಂದಕ್ಕೆ ಬರೆದ ಸರಣಿ 1981ರಲ್ಲಿ ‘ತೊತ್ತೊಚಾನ್’ ಪುಸ್ತಕವಾಯಿತು. ಬಾಲ್ಯದ ಪ್ರೀತಿಯಿಂದ ಬರೆದ ಚಿತ್ರವಾದ್ದರಿಂದ ಶಾಲೆಯ ಹಣಕಾಸು, ಶಿಕ್ಷಕರ ತಕರಾರು, ಸಂಶಯಪಟ್ಟ ಹೆತ್ತವರು ಅದರಲ್ಲಿ ಮಬ್ಬಾಗಿಯೇ ಉಳಿದಿದ್ದಾರೆ. ಕೊಬಾಯಾಶಿಯವರಿಗೆ ಪ್ರಚಾರ ಹಿಡಿಸುತ್ತಿರಲಿಲ್ಲ. ಶಾಲೆಯ ಫೋಟೊಗಳೂ ಹೆಚ್ಚಿಲ್ಲ. ದೇಶವೇ ಸೈನಿಕ ಕವಾಯತಿಗೆ ನಿಂತ ಕಾಲದಲ್ಲಿ ಇಂಥದೊಂದು ಶಾಲೆ ಬದುಕಿದ್ದಕ್ಕೆ ಈ ಸದ್ದಿಲ್ಲದಿರುವಿಕೆಯೂ ಒಂದು ಕಾರಣವಿದ್ದೀತು.

1945ರಲ್ಲಿ ಅಮೆರಿಕದ ಬಿ-29 ವಿಮಾನಗಳ ಬಾಂಬುಗಳು ಬೋಗಿಗಳ ಮೇಲೂ ಬಿದ್ದವು. ಉರಿಯುವ ಶಾಲೆಯನ್ನು ರಸ್ತೆಯಲ್ಲಿ ನಿಂತು ನೋಡುತ್ತಿದ್ದ ಮೇಷ್ಟ್ರು, ಮುಂದಿನ ಶಾಲೆ ಹೇಗಿರಬೇಕೆಂದು ಮಗನನ್ನು ಕೇಳಿದರೆಂದು ಕುರೊಯಾನಾಗಿ ಬರೆದಿದ್ದಾರೆ. ಯುದ್ಧಾನಂತರ ಅದೇ ಜಾಗದಲ್ಲಿ ಶಿಶುವಿಹಾರವೊಂದು ತಲೆಯೆತ್ತಿತು. ಪ್ರಾಥಮಿಕ ಶಾಲೆ ಮಾತ್ರ ಮತ್ತೆ ಏಳಲಿಲ್ಲ. ಕುನಿತಾಚಿ ಸಂಗೀತ ಕಾಲೇಜಿನಲ್ಲಿ ಯುರಿದಮಿಕ್ಸ್ ಕಲಿಸುತ್ತಾ ಅದರ ಬೆಳವಣಿಗೆಗೆ ದುಡಿದ ಅವರು 1963ರಲ್ಲಿ, 69ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಗ ಜಪಾನಿನ ಸಂಗೀತ ವಲಯಕ್ಕೆ ಅವರು ಗೊತ್ತಿದ್ದುದು ಯುರಿದಮಿಕ್ಸ್ ಗುರುವಾಗಿಯೇ. ತೊಮೊಯೆಯನ್ನು ಬಲ್ಲವರು ಅಲ್ಲಿ ಕಲಿತವರಷ್ಟೇ ಎಂಬಂತಿತ್ತು.

ಪುಸ್ತಕ ಈ ಸ್ಥಿತಿಯನ್ನು ಬುಡಮೇಲು ಮಾಡಿತು. ಜಗತ್ತಿನಾದ್ಯಂತ ಎರಡು ಕೋಟಿಗೂ ಹೆಚ್ಚು ಪ್ರತಿಗಳಾದ ಅದು ನ್ಯಾಷನಲ್ ಬುಕ್ ಟ್ರಸ್ಟ್ ಮೂಲಕ ಭಾರತದ ಭಾಷೆಗಳಿಗೂ ಇಳಿದು, ಕನ್ನಡದಲ್ಲಿ ಶಿಕ್ಷಕರ ಕೈಯಿಂದ ಕೈಗೆ ದಾಟುವ ಪುಸ್ತಕಗಳಲ್ಲೊಂದಾಯಿತು. ನಮ್ಮಲ್ಲಿ ಅದನ್ನು ಓದಿ ಶಾಲೆಯ ಗೋಡೆಗೆ ರೈಲು ಬೋಗಿಯಂತೆ ಬಣ್ಣ ಬಳಿಯುವುದು ಸುಲಭ. ಆದರೆ ದಿನದ ಪಾಠಗಳ ಕ್ರಮವನ್ನು ಮಗುವಿನ ಕೈಗೆ ಕೊಡುವುದಕ್ಕೆ ತರಗತಿ ಚಿಕ್ಕದಿರಬೇಕು, ಶಿಕ್ಷಕರಿಗೆ ಬಿಡುವಿರಬೇಕು. ತೊತ್ತೊಚಾನ್‌ಳ, ಅಂದರೆ ಬಾಲಕಿ ಕುರೊಯಾನಾಗಿಯ ತರಗತಿಯಲ್ಲಿ ಇದ್ದದ್ದು ಒಂಬತ್ತು ಮಕ್ಕಳು. 2023ರಲ್ಲಿ ಕಥೆ ಆನಿಮೇಷನ್ ಚಿತ್ರವಾಗಿ ತೆರೆಗೆ ಬಂದಾಗ ಹೆಡ್‌ಮಾಸ್ತರರಿಗೆ ದನಿ ಕೊಟ್ಟವರು ಖ್ಯಾತ ನಟ ಕೋಜಿ ಯಾಕುಶೊ. ದೊಡ್ಡವಳಾದ ಮೇಲೆ ತೊಮೊಯೆಯಲ್ಲೇ ಟೀಚರ್ ಆಗುತ್ತೇನೆಂದು ಮೇಷ್ಟ್ರಿಗೆ ಮಾತು ಕೊಟ್ಟಿದ್ದ ಕುರೊಯಾನಾಗಿ, ಪುಸ್ತಕದ ಗೌರವಧನದಿಂದ ತೊತ್ತೊ ಪ್ರತಿಷ್ಠಾನ ಕಟ್ಟಿದರು. ಕಿವುಡ ಕಲಾವಿದರಿಗೆ ರಂಗತರಬೇತಿ ಕೊಡುವುದು ಅದರ ಕೆಲಸ.